ಒಲೆಗೊಂದು ಬಕೆಟ್ಟು

ಹಳ್ಳದ ಮನೆ
ಸೋಮವಾರ, ಬೆಳಗಿನ ಕಾಫಿ ಆದ ಮೇಲೆ

ಅಣ್ಣನ ಮನೆಯ ವರಾಂಡದಲ್ಲಿ ಮುಖ ಊದಿಸಿಕೊಂಡು ಕೂತಿರುವ ನಮ್ಮ ಯಜಮಾನರಿಗೆ, ಮುಖ ಊದಿಸಿಕೊಳ್ಳಲು ಪುರುಸೊತ್ತಿಲ್ಲದ ಹೆಂಡತಿಯ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ಕೇಳಿ ಕೇಳಿ ಸಾಕಾಗಿದೆ. ಫೋನ್ ಮಾಡಿದಾಗಲೆಲ್ಲ ನಿಮ್ಮ ಅತ್ತಿಗೆ ಎತ್ತಿ, ನೀವು ಸ್ನಾನಕ್ಕೆ ಹೋಗಿದ್ದೀರಿ ಎನ್ನುತ್ತಾರೆ. ಅಗ್ನಿಶಾಮಕ ದಳದಲ್ಲಿ ಅಷ್ಟು ವರ್ಷ ಪೈಪು ಹಿಡಿದು ನೆಂದ ಮನುಷ್ಯನಿಗೆ ನೀರಿನ ಆಸೆ ಇನ್ನೂ ತೀರಿಲ್ಲವೇನೋ ಎಂದು ಸುಮ್ಮನಾದೆ. ಕಾಗದವಾದರೆ ನೀವು ಓದದೆ ಬಿಡುವವರಲ್ಲ. ಔಷಧಿ ಬಾಟಲಿಯ ಮೇಲಿನ ಸಣ್ಣಕ್ಷರವನ್ನೂ ಬಿಡದೆ ಓದುವವರು ನೀವು. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಬೋರ್ಡು ಇಳಿಸಿದ ದಿನ ಮನೆಗೆ ಬರುತ್ತೀರೆಂದು ಭಾವನವರ ಕೈಲಿ ಹೇಳಿ ಕಳಿಸಿದ್ದಿರಿ. ಮೊದಲು ಅದನ್ನು ಮುಗಿಸಿಬಿಡುತ್ತೇನೆ. ಹೋದ ವಾರ ಬೋರ್ಡು ಇಳಿಸಿದ್ದು ನಿಜ, ಆದರೆ ಹೊಸದಾಗಿ ಬಣ್ಣ ಹೊಡೆಯುವುದಕ್ಕೆ. ಈಗ ಅಕ್ಷರ ರಸ್ತೆಯ ತಿರುವಿನಿಂದಲೇ ಕಾಣುತ್ತದೆ. 'ಡೇರೆ ಹಾಕಿ, ಒಲೆ ಹೂಡಿ, ನಿಮ್ಮ ಅಡುಗೆ ನೀವೇ ಮಾಡಿಕೊಳ್ಳಿ' ಎಂದು ಮೊದಲಿದ್ದದ್ದರ ಕೆಳಗೆ 'ಬೆಂಕಿ ಹತ್ತಿರ ತಮಾಷೆ ಬೇಡ' ಎಂದು ಇನ್ನೊಂದು ಸಾಲು ಸೇರಿಸಿದ್ದೇನೆ. ಆ ಮಾತು ಯಾರ ಬಾಯಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ ಎಂದು ನಿಮಗೆ ಗೊತ್ತು.

ಈ ಜಾಗವನ್ನು ನೀವು ಈಗ ನೋಡಬೇಕು. ಆಸ್ತಿ ಪಾಲಾಗುವಾಗ ನನ್ನ ಚಿಕ್ಕಪ್ಪಂದಿರು ಒಳ್ಳೆಯ ಮಣ್ಣನ್ನೆಲ್ಲ ತಾವಿಟ್ಟುಕೊಂಡು, ಕಲ್ಲು ಮತ್ತು ಹುಲ್ಲು ಬಿಟ್ಟರೆ ಮತ್ತೇನೂ ಇಲ್ಲದ ಈ ಇಳಿಜಾರನ್ನು ನಮ್ಮಪ್ಪನ ತಲೆಗೆ ಕಟ್ಟಿದ್ದರು. ಹಸು ಇರುವ ತನಕ ಹುಲ್ಲಿಗಾದರೂ ಮರ್ಯಾದೆ ಇತ್ತು. ಹಸು ಮಾರಿದ ಮೇಲೆ ಕಂಡವರೆಲ್ಲ, ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳಿ ಎಂದರು. ಈಗ ಆ ಕಲ್ಲೇ ಎಂಟು ಒಲೆಗೂ ಸುತ್ತುಗಟ್ಟೆಯಾಗಿದೆ. ಆ ಹುಲ್ಲಿನ ಮೇಲೆ ಮಲಗುವುದಕ್ಕೆಂದೇ ಜನ ಪೇಟೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಾರೆ. ಮೊನ್ನೆ ಒಬ್ಬ ನರ್ಸು, ವಾರವಿಡೀ ರಾತ್ರಿಪಾಳಿ ಮಾಡಿ ಬಂದವಳು, ಹಳ್ಳದ ನೀರಿಗೆ ಕಾಲು ಇಳಿಬಿಟ್ಟುಕೊಂಡು ಕೂತು, 'ಈ ಜಾಗ ಯಾರದಮ್ಮ' ಎಂದು ಕೇಳಿದಳು. ನನ್ನದು ಎಂದೆ. ಹಾಗೆ ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಪ್ಪ ಇದ್ದಿದ್ದರೆ ಓಡಿಹೋಗಿ ಅವರ ಕೈ ಹಿಡಿದು ಎಳೆದು ತಂದು ತೋರಿಸುತ್ತಿದ್ದೆ.

ಇನ್ನು ಆ ಮೊದಲ ಶನಿವಾರದ ಮಾತು. ನೀವು ಅರ್ಧಕ್ಕೇ ಎದ್ದು ಹೋದಿರಿ. ಭಾವನವರ ಮನೆಯಲ್ಲಿ ಆ ಅರ್ಧಕ್ಕೆ ಏನೇನು ಬಣ್ಣ ಕಟ್ಟಿದ್ದೀರೋ ದೇವರಿಗೇ ಗೊತ್ತು. ಆದ್ದರಿಂದ ಪೂರ್ತಿ ಕಥೆ ಒಂದು ಕಡೆ ಬರೆದಿಟ್ಟರೆ ಒಳ್ಳೆಯದು.

ಹೆಚ್ಚಿನ ಒಲೆಗಳು ಹೊತ್ತಿಕೊಂಡಿದ್ದವು. ಬಸ್ ಕಂಡಕ್ಟರ್ ದಂಪತಿ ಆಗಲೇ ಅನ್ನಕ್ಕೆ ಇಟ್ಟಿದ್ದರು, ನರ್ಸುಗಳು ಈರುಳ್ಳಿ ಹೆಚ್ಚುತ್ತ ಅಳುತ್ತಿದ್ದರು. ಎರಡನೇ ಒಲೆಯ ಹಲ್ಲಿನ ಡಾಕ್ಟರಿಗೆ ಬೆಂಕಿ ಹಿಡಿಯುತ್ತಿರಲಿಲ್ಲ. ಮಕ್ಕಳು ಹಸಿವು ಎಂದು ಪೀಡಿಸಿದ್ದಕ್ಕೆ ಆತ ಒಂದು ತೆಕ್ಕೆ ಒಣ ಎಲೆ ತಂದು ಒಲೆಗೆ ತುರುಕಿದರು. ಜ್ವಾಲೆ ಆಳೆತ್ತರ ಎದ್ದಿತು. ಮೇಣದಬತ್ತಿ ಹಚ್ಚಿದರೂ ಪಕ್ಕದಲ್ಲಿ ಒಂದು ಲೋಟ ನೀರಿಡುವ ನೀವು ಅಷ್ಟು ಹೊತ್ತು ಹೇಗೆ ತಡೆದುಕೊಂಡಿದ್ದಿರೋ ಕಾಣೆ. ಷೆಡ್ಡಿನ ಕಡೆಯಿಂದ ಬಕೆಟ್ಟು ಹಿಡಿದು ಓಡಿ ಬಂದಿರಿ. ಡಾಕ್ಟರ ಒಲೆಗೆ, ಡಾಕ್ಟರ ಪಾತ್ರೆಗೆ, ಡಾಕ್ಟರಿಗೆ, ಮೂರಕ್ಕೂ ಸೇರಿಸಿ ಒಂದೇ ಏಟಿಗೆ ಸುರಿದಿರಿ. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಕೈಗೆ ಕೆಲಸ ಹತ್ತಿಬಿಟ್ಟಿತ್ತು ನಿಮಗೆ. ಪ್ರತಿ ಒಲೆಯ ಪಕ್ಕ ನೀವೇ ಇಟ್ಟ ಬಕೆಟ್ಟನ್ನು ಎತ್ತಿ, ಒಂದಾದ ಮೇಲೊಂದು ಒಲೆ ಆರಿಸುತ್ತ ಹೋದಿರಿ. ಕಂಡಕ್ಟರ ಅನ್ನ ಗಂಜಿಯಾಯಿತು. ಕೊನೆಯ ಒಲೆಯಲ್ಲಿ ಇನ್ನೂ ಬೆಂಕಿಯೇ ಹಚ್ಚಿರಲಿಲ್ಲ, ನಿವೃತ್ತ ಸಂಗೀತದ ಮೇಷ್ಟ್ರು ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದರು. ಅದಕ್ಕೂ ಸುರಿದಿರಿ.

ಆಗ ನಾನು ಎಲ್ಲರೆದುರು, 'ಇದು ನಮ್ಮಪ್ಪನ ಜಮೀನು, ನಿಮ್ಮ ಸ್ಟೇಷನ್ ಅಲ್ಲ' ಎಂದೆ. ನೀವು ಬಕೆಟ್ಟು ಕೆಳಗಿಟ್ಟು, ಸೈಕಲ್ ಹತ್ತಿ ಹೋದಿರಿ. ಆ ಮಾತು ಆಡಬಾರದಿತ್ತು ಎಂದು ನಾನು ಬರೆಯುವುದಿಲ್ಲ. ಬರೆದರೆ ನೀವು ಈ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕುತ್ತೀರಿ.

ನೀವು ನೋಡದೇ ಹೋದ ಅರ್ಧ ಇನ್ನು ಮುಂದಿದೆ. ಒದ್ದೆ ಸೌದೆ ಮತ್ತೆ ಹೊತ್ತಲಿಲ್ಲ. ಎಲ್ಲರನ್ನೂ ಷೆಡ್ಡಿಗೆ ಕರೆದು ಕೂರಿಸಿದೆ. ಯಾರ ಹತ್ತಿರ ಏನು ನೆನೆದಿಲ್ಲವೋ ಅದು ನಡುವೆ ಬಂತು. ನರ್ಸುಗಳು ಬ್ರೆಡ್ ತಂದರು, ಕಂಡಕ್ಟರ ಹೆಂಡತಿ ಬಾಳೆಹಣ್ಣಿನ ಚಿಪ್ಪು ತಂದರು, ನಾನು ಅಡುಗೆಮನೆಯಲ್ಲಿ ಇದ್ದಬದ್ದ ಮೊಟ್ಟೆಯನ್ನೆಲ್ಲ ಬೇಯಿಸಿ ತಂದೆ. ಡಾಕ್ಟರು ನಿಮ್ಮ ಹಳೇ ಸ್ವೆಟರ್ ಹಾಕಿಕೊಂಡು ಕೂತಿದ್ದರು, ಅದು ಅವರ ಹೊಟ್ಟೆಗೆ ಸಾಲುತ್ತಿರಲಿಲ್ಲ. ಬೇರೆ ಬೇರೆ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದವರು ಒಬ್ಬರಿಗೊಬ್ಬರು ಉಪ್ಪು ದಾಟಿಸಿಕೊಂಡರು. ಮೇಷ್ಟ್ರು ಹಾಡಿದರು. ನಾನು ಮಾತ್ರ ಮೂಲೆಯಲ್ಲಿ ಕೂತು, ನಾಳೆಯಿಂದ ಈ ಕಡೆ ಒಂದು ನರಪಿಳ್ಳೆಯೂ ಬರುವುದಿಲ್ಲ ಎಂದುಕೊಂಡೆ.

ಎರಡು ದಿನ ಬಿಟ್ಟು ಡಾಕ್ಟರ ಫೋನು ಬಂತು. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿದೆ. ಆತನಿಗೆ ನಗು ತಡೆಯುತ್ತಿರಲಿಲ್ಲ. ನಿಜವಾದ ಫೈರ್‌ಮನ್ ಬಂದು ಅಪ್ಪನ ಅಡುಗೆ ಆರಿಸಿದ ಕಥೆಯನ್ನು ಮಕ್ಕಳು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿವೆಯಂತೆ. ಮತ್ತೆ ಬರುತ್ತೇವೆ ಎಂದರು, ಬಂದರು. ಅವರ ಹಿಂದೆ ನರ್ಸುಗಳು, ನರ್ಸುಗಳ ಹಿಂದೆ ಇಡೀ ಆಸ್ಪತ್ರೆ. ಅಂದಿನಿಂದ ಈ ಎರಡು ತಿಂಗಳಲ್ಲಿ ಒಂದು ಶನಿವಾರವೂ ಒಲೆ ಖಾಲಿ ಇದ್ದದ್ದಿಲ್ಲ. ಬಂದವರೆಲ್ಲ ಮೊದಲು ಕೇಳುವುದು, 'ಎಲ್ಲಿ ನಿಮ್ಮ ಫೈರ್‌ಮನ್' ಎಂದು. ಊರಿಗೆ ಹೋಗಿದ್ದಾರೆ ಎನ್ನುತ್ತೇನೆ. ಎಷ್ಟು ದಿನ ಹೇಳಲಿ? ಷೆಡ್ಡಿನ ಬಾಗಿಲಿಗೆ ನಿಮ್ಮ ಹೆಲ್ಮೆಟ್ ತೂಗು ಹಾಕಿದ್ದೇನೆ. ಮಕ್ಕಳು ಅದನ್ನು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತವೆ. ನೀವು ಸುಡುವ ಗೋದಾಮಿನಿಂದ ಮೂವರನ್ನು ಹೊತ್ತು ತಂದ ಕಥೆ ಹೇಳು ಎಂದು ಪೀಡಿಸುತ್ತವೆ. ನಾನು ಹೇಳುತ್ತೇನೆ. ಮನೆಗೆ ಬಂದು ನೀವು ಒಂದು ಮಾತೂ ಆಡದೆ ಅನ್ನ ಕಲಸುತ್ತ ಕೂತಿದ್ದು, ಮರುದಿನ ನಾನು ಪೇಪರಿನಲ್ಲಿ ಓದಿ ತಿಳಿದುಕೊಂಡಿದ್ದು, ಅದನ್ನೂ ಹೇಳುತ್ತೇನೆ.

ನಿಮ್ಮ ಕಾನೂನುಗಳೆಲ್ಲ ಹಾಗೇ ನಡೆಯುತ್ತಿವೆ. ಸುತ್ತುಗಟ್ಟೆಯ ಆಚೆ ಬೆಂಕಿ ಇಲ್ಲ, ಒಣ ಎಲೆ ತುರುಕುವ ಹಾಗಿಲ್ಲ, ಬೂದಿ ಮುಟ್ಟಿ ತಣ್ಣಗಿದೆ ಎಂದು ನೋಡದೆ ಯಾರೂ ಡೇರೆಗೆ ಹೋಗುವ ಹಾಗಿಲ್ಲ. ಒಲೆಗೊಂದು ಕೆಂಪು ಬಕೆಟ್ಟು, ಮೇಲೊಂದು ಹಲಗೆ ತುಂಡು, ಅದೂ ಇದೆ. ನನ್ನ ಮೊಣಕಾಲಿನ ಬಗ್ಗೆ ಕೇಳಬೇಡಿ, ಕುದುರೆಯ ಹಾಗಿದೆ. ನಾಯಿ ಮಾತ್ರ ಕೈಗೆ ಸಿಗುತ್ತಿಲ್ಲ. ಶನಿವಾರ ಬೆಳಗಾದರೆ ಹಿಂದಿನ ತಂತಿಬೇಲಿಯ ಹತ್ತಿರ ಹೋಗಿ ಬಾಲ ಅಲ್ಲಾಡಿಸಿಕೊಂಡು ಕೂರುತ್ತದೆ, ಎಷ್ಟು ಕರೆದರೂ ತಿಂಡಿಗೆ ಬರುವುದಿಲ್ಲ.

ಮೊನ್ನೆ ಶನಿವಾರ ಒಂದು ಪ್ರಸಂಗ ನಡೆಯಿತು. ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳುವ ಬದಲು ನಾನೇ ಹೇಳುತ್ತೇನೆ. ಸಂಜೆ ಇದ್ದಕ್ಕಿದ್ದಂತೆ ಗಾಳಿ ತಿರುಗಿತು. ಎಲ್ಲಕ್ಕಿಂತ ಮೇಲಿನ ಒಲೆಯಲ್ಲಿ ಕಂಡಕ್ಟರು ಆಲೂಗಡ್ಡೆ ಸುಡುತ್ತಿದ್ದರು. ಒಂದು ಕಿಡಿ ಹಾರಿ ಕಟ್ಟೆಯಾಚೆಯ ಒಣಹುಲ್ಲಿಗೆ ಬಿತ್ತು. ಮೊದಲು ಹೊಗೆ, ನೋಡನೋಡುತ್ತಿದ್ದಂತೆ ಬೆಂಕಿ ಹಾವಿನ ಹಾಗೆ ಡೇರೆಗಳ ಕಡೆ ಹರಿಯತೊಡಗಿತು. ತುಂಬಿದ ಬಸ್ಸನ್ನೇ ಒಂದು ಗದರಿಕೆಯಲ್ಲಿ ಸುಮ್ಮನಾಗಿಸುವ ಮನುಷ್ಯ ಸೌಟು ಹಿಡಿದು ಕಲ್ಲಿನಂತೆ ನಿಂತುಬಿಟ್ಟರು. ನಾನು ಅಲ್ಲೇ ಪಕ್ಕದ ಒಲೆಯಲ್ಲಿ ಉಪ್ಪು ನೋಡುತ್ತಿದ್ದೆ. ಬಕೆಟ್ಟು ಎತ್ತಿದೆ, ಬೆಂಕಿಯ ಮುಂದಕ್ಕೆ ಹೋಗಿ ಸುರಿದೆ. ನೀವು ಹೇಳುತ್ತಿದ್ದ ಹಾಗೆ, ಉರಿಯುತ್ತಿರುವುದಕ್ಕಲ್ಲ, ಅದು ಇನ್ನು ಹಿಡಿಯಲಿರುವ ಕಡೆಗೆ. ಅಷ್ಟರಲ್ಲಿ ನರ್ಸುಗಳು ತಮ್ಮ ಬಕೆಟ್ಟು ತಂದರು, ಮೇಷ್ಟ್ರು ಒದ್ದೆ ಗೋಣಿಚೀಲದಿಂದ ಬಡಿದರು. ಒಂದು ಜಮಖಾನೆಯಷ್ಟು ಜಾಗ ಕಪ್ಪಾಗಿದ್ದು ಬಿಟ್ಟರೆ ಇನ್ನೇನೂ ಆಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಫೈರ್‌ಮನ್ ಹೆಂಡತಿ ಎಂದರೆ ಸುಮ್ಮನೆಯೇ ಎಂದು ನಾನೂ ಸೆರಗು ಕೊಡವಿ, ಉಪ್ಪು ಕಮ್ಮಿಯಾಗಿದೆ ಎಂದು ಹೇಳಿ ಕೆಳಗಿಳಿದು ಬಂದೆ.

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ನಿಮ್ಮ ಹತ್ತಿರ ಏನು ಮುಚ್ಚುಮರೆ, ನನಗೆ ಭಯವಾಯಿತು. ಬೆಂಕಿ ಹರಿದ ಕಡೆಯ ಮೊದಲ ಡೇರೆಯೊಳಗೆ ಡಾಕ್ಟರ ಚಿಕ್ಕ ಮಗು ಮಲಗಿತ್ತು. ಎಂಟು ಬೆಂಕಿ ನೋಡಿಕೊಳ್ಳಲು ನನಗಿರುವುದು ಎರಡು ಕಣ್ಣು, ಅದರಲ್ಲೂ ಒಂದಕ್ಕೆ ಪೊರೆ ಬರುತ್ತಿದೆ.

ಬರುವ ಶನಿವಾರ ದೊಡ್ಡ ಕೂಟ. ಬೆಂಕಿಯ ಮೇಲೆ ಅಡುಗೆ ಮಾಡುವ ಹುಚ್ಚಿನವರನ್ನೆಲ್ಲ ಡಾಕ್ಟರು ಸೇರಿಸುತ್ತಿದ್ದಾರೆ. ಇಡೀ ಕೋಳಿ ಸುಡುವವರು, ಮಣ್ಣಿನಲ್ಲಿ ಹೂತು ಗೆಣಸು ಬೇಯಿಸುವವರು, ಬಾಣಲೆ ಇಲ್ಲದೆ ಕಲ್ಲಿನ ಮೇಲೇ ರೊಟ್ಟಿ ಮಾಡುವವರು. ಹುಲ್ಲು ಈಗ ಕಡ್ಡಿಯ ಹಾಗೆ ಒಣಗಿದೆ. ನಾನು ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಶುಕ್ರವಾರ ಸಂಜೆಯೊಳಗೆ ನೀವು ಬರದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೂಟ ಬೇಡ ಎನ್ನುತ್ತೇನೆ, ಬೋರ್ಡೂ ಇಳಿಸುತ್ತೇನೆ. ಆಗ ನೀವು ಗೆದ್ದ ಹಾಗೆ. ಗೆದ್ದಾದರೂ ಬನ್ನಿ, ಸೋತಾದರೂ ಬನ್ನಿ, ಬನ್ನಿ ಅಷ್ಟೆ. ಆದರೆ ಬೋರ್ಡು ಇಳಿಸುವ ದಿನ ನಾನು ಅಳುತ್ತೇನೆ, ಅದನ್ನೂ ಹೇಳಿರುತ್ತೇನೆ. ನನ್ನ ಬದುಕಿನಲ್ಲಿ ನಾನೇ ಕೈಯಾರೆ ಕಟ್ಟಿದ್ದು ಇದೊಂದೇ.

ಇನ್ನೊಮ್ಮೆ ಯಾರಾದರೂ ಈ ಜಾಗ ಯಾರದು ಎಂದು ಕೇಳಿದರೆ, ನಮ್ಮದು ಎನ್ನಬೇಕೆಂದಿದ್ದೇನೆ. ಹಾಗೆ ಹೇಳುವಾಗ ಪಕ್ಕದಲ್ಲಿ ಒಬ್ಬರು ನಿಂತಿರಬೇಕಲ್ಲ.

ಭಾವನವರಿಗೆ ನಮಸ್ಕಾರ ತಿಳಿಸಿ. ನಿಮ್ಮ ಅತ್ತಿಗೆಗೆ, ಸುಳ್ಳು ಹೇಳುವುದನ್ನು ಇನ್ನೂ ಸ್ವಲ್ಪ ಅಭ್ಯಾಸ ಮಾಡಬೇಕು ಎಂದು ಹೇಳಿ.

ನೀವು ಮದುವೆಯಾದ ವರ್ಷವೇ ಹೆಸರಿಟ್ಟ,
ನಿಮ್ಮ ಸಿಡುಕಿ

ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಂದು ಮಾತು: ಮೊಣಕಾಲು ಕುದುರೆಯ ಹಾಗಿದೆ ಎಂದದ್ದು ಸುಳ್ಳು. ಹಳ್ಳದಿಂದ ಮೇಲಿನ ಒಲೆಯವರೆಗೆ ನೀರು ಹೊರಲಾಗದೆ ಬಕೆಟ್ಟು ತುಂಬಿಸುವುದನ್ನು ಬಿಟ್ಟು ಎಷ್ಟೋ ವಾರವಾಗಿತ್ತು. ಬಂದವರ ಹತ್ತಿರ ತುಂಬಿಸಿಕೊಡಿ ಎನ್ನಲು ನಾಚಿಕೆ. ಹಲಗೆ ಮುಚ್ಚಿದ್ದರಿಂದ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಮೊನ್ನೆ ಖಾಲಿ ಎಂದುಕೊಂಡೇ ಬಕೆಟ್ಟು ಎತ್ತಿದೆ, ಬೆಂಕಿಯನ್ನು ಅದರಿಂದಲೇ ಬಡಿಯೋಣ ಎಂದು. ಭಾರಕ್ಕೆ ತೋಳು ಜಗ್ಗಿತು. ಭಾನುವಾರ ಎಲ್ಲರೂ ಹೋದ ಮೇಲೆ ಒಂದೊಂದೇ ಹಲಗೆ ಎತ್ತಿ ನೋಡಿದೆ. ಉಪಯೋಗಿಸದೆ ಉಳಿದವೆಲ್ಲ ಅಂಚಿನವರೆಗೆ ತುಂಬಿದ್ದವು, ಹಿಡಿಯೆಲ್ಲ ನೀವಿಡುವ ಹಾಗೆಯೇ ಬಲಗೈ ಕಡೆಗೆ. ಆಮೇಲೆ ನಾಯಿಯ ಹಿಂದೆ ತಂತಿಬೇಲಿಯ ತನಕ ನಡೆದೆ. ಆಚೆ ಧೂಳಿನಲ್ಲಿ ಸೈಕಲ್ ಚಕ್ರದ ಗುರುತು, ತಂತಿಯಲ್ಲಿ ಬೂದು ಬಣ್ಣದ ಪ್ಯಾಂಟಿನ ಒಂದು ಚೂರು. ಬೋರ್ಡು ಇಳಿಯಲಿ ಎಂದು ಹಠ ಹಿಡಿದ ಮನುಷ್ಯ ವಾರ ವಾರ ಬಂದು ಯಾರಿಗಾಗಿ ನೀರು ಹೊತ್ತರು ಎಂದು ನಾನು ಕೇಳುವುದಿಲ್ಲ. ಈ ವಯಸ್ಸಿನಲ್ಲಿ ಬೇಲಿ ಹಾರುವುದು ಬೇಡ, ಮುಂದಿನ ಗೇಟಿಗೆ ಬೀಗವಿಲ್ಲ. ಬರುವಾಗ ಆ ಪ್ಯಾಂಟು ತನ್ನಿ. ಚೂರು ನನ್ನ ಹತ್ತಿರವೇ ಇದೆ, ಹೊಲಿದು ಕೊಡುತ್ತೇನೆ.