ನೀರಿಲ್ಲದೆ ಕೊಯ್ದ ಒಲೆ

ಅಪ್ಪಾ,

ನೀನು ಕೂರಿಸಿದ ಆ ಒಲೆ ಇನ್ನೂ ಹಾಗೇ ಇದೆ. ಮೊನ್ನೆ ನೋಡಿ ಬಂದೆ. ಆ ಮನೆಯೊಡತಿ ಮ್ಯಾಡಮ್ ಅದರೊಳಗೆ ಮೇಣದಬತ್ತಿಗಳನ್ನು ಜೋಡಿಸಿಟ್ಟಿದ್ದಾರೆ. ಒಂದನ್ನೂ ಹಚ್ಚಿಲ್ಲ.

ನೆನಪಿದೆಯಾ, ನೀನು ನಕ್ಷೆ ಹಿಡಿದು ಧನಕವಡಿಯ ನಮ್ಮ ಒಂಟಿ ಕೋಣೆಯ ಖೋಲಿಗೆ ಬಂದ ದಿನ? ಹಳೆಯ ಕಾಲದ ಇಂಗ್ಲಿಷ್ ಬಂಗಲೆಗಳಲ್ಲಿ ಚಳಿ ಕಾಯಿಸಲು ಗೋಡೆಯಲ್ಲಿ ಕಟ್ಟುತ್ತಿದ್ದ ಒಲೆ ಎಂದು ನನ್ನ ಪುಸ್ತಕದ ಚಿತ್ರ ತೋರಿಸಿದೆ. ಮ್ಯಾಡಮ್‌ಗೆ ಅಂಥದ್ದೇ ಅಮೃತಶಿಲೆಯಲ್ಲಿ ಬೇಕಂತೆ, ಬರೀ ಶೋಭೆಗೆ. "ಹೊಗಿ ಹೋಗಾಕ ದಾರಿ ಎಲ್ಲದ?" ಎಂದೆ ನೀನು. ಇಲ್ಲ ಎಂದೆ ನಾನು. "ರೊಟ್ಟಿ ಬೇಯಂಗಿಲ್ಲ, ಹೊಗಿ ಆಡಂಗಿಲ್ಲ. ನಿನ್ನ ಬುಕ್ಕಿನ್ಯಾಗಿನ ಮಂದಿ ಉಪವಾಸ ಇರ್ತಿದ್ರೇನವ್ವಾ?"

ನಕ್ಷೆ ಓದಿ ಹೇಳಲು ನಾನೂ ನಿನ್ನ ಜೊತೆ ಬಂದೆ. ಆ ಮನೆಯಲ್ಲಿ ಹೊಸ ಮರದ ನೆಲ. ಕಲ್ಲು ಕೊಯ್ಯುವಾಗ ಧೂಳು ಏಳದ ಹಾಗೆ ಒಬ್ಬರು ಬಾಟಲಿಯಿಂದ ನೀರು ಬಿಡುತ್ತಿರಬೇಕು. ಮ್ಯಾಡಮ್ "ಪಾಣಿ ನಕೊ" ಎಂದರು, ನೀರು ಬೇಡ, ನೆಲ ಉಬ್ಬುತ್ತದಂತೆ. ಹೊರಗೆ ಕೊಯ್ಯಲು ಸೊಸೈಟಿಯವರು ಬಿಡುವುದಿಲ್ಲವಂತೆ. ಸೈಟಿನಲ್ಲಿ ಮೂರು ಮಹಡಿಗೆ ಕೇಳುವಂತೆ ಮರಾಠಿಯಲ್ಲಿ ಕೂಗುವ ನೀನು, ದೊಡ್ಡವರ ಮನೆಯೊಳಗೆ ಯಾಕೋ ಮೂಕ. ನನ್ನ ಕಿವಿಯ ಬಳಿ ಬಾಗಿ, "ನೀ ಹೇಳವ್ವಾ, ಕಲ್ತಾಕಿ. ನೀರಿಲ್ದ ಕೊಯ್ಯಾಕ ಬರಂಗಿಲ್ಲ, ನಮ್ಮಪ್ಪನ ಎದಿ ಸರಿ ಇಲ್ಲ ಅಂತ" ಎಂದೆ.

ಇನ್ನು ಧೂಳು ಬೇಡವೆಂದು ಡಾಕ್ಟರ್ ಹೇಳಿದ್ದು ನನಗೂ ಗೊತ್ತಿತ್ತು. ಮಾತು ಬಾಯಿತನಕ ಬಂದಿತ್ತು. ಆದರೆ ಮ್ಯಾಡಮ್ ನನ್ನ ಕಡೆ ತಿರುಗಿದಾಗ... ನಾನು ಆ ಮರದ ನೆಲ ನೋಡುತ್ತ ನಿಂತೆ. ನೀನು ಸ್ವಲ್ಪ ಹೊತ್ತು ಕಾದು, ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡೆ. ನಾಲ್ಕು ದಿನ. ಸಂಜೆ ನಿನ್ನ ರೆಪ್ಪೆಗಳೂ ಬೆಳ್ಳಗಿರುತ್ತಿದ್ದವು. ಒಮ್ಮೆಯಾದರೂ ಯಾಕೆ ಬೈಯಲಿಲ್ಲ?

ಕೊನೆಯ ದಿನ ಒಲೆಗೆ ವಿಭೂತಿ ಹಚ್ಚಿದೆ ನೀನು. "ಒಲಿ ಅಂದಮ್ಯಾಗ ಬರೇ ಬಿಡಬಾರ್ದು." ನಾವು ಹೊರಡುವ ಮೊದಲೇ ಮ್ಯಾಡಮ್ ಅದನ್ನು ಒರೆಸಿದರು.

ಆ ಮಳೆಗಾಲ ಮುಗಿಯುವುದರೊಳಗೆ ನೀನು ಹೋದೆ. ಸಾವಾದ ಮನೆಯಲ್ಲಿ ಒಲೆ ಹೊತ್ತಬಾರದೆಂದು ಅವ್ವ ಗ್ಯಾಸ್ ಹಚ್ಚಲಿಲ್ಲ. ಪಕ್ಕದ ಖೋಲಿಯವರೇ ರೊಟ್ಟಿ ತಂದರು. ತಣ್ಣಗಿದ್ದ ಒಲೆ ನೋಡಿದಾಗಲೆಲ್ಲ ನನಗೆ ನೀನು ಕೂರಿಸಿದ್ದೇ ಕಾಣುತ್ತಿತ್ತು.

ಮೊನ್ನೆ ಮ್ಯಾಡಮ್ ಮಲಗುವ ಕೋಣೆಗೂ ಅಂಥದ್ದೊಂದು ಬೇಕೆಂದು ನಿನ್ನ ಜೋಡಿ ಕಲ್ಲು ಕೊಯ್ಯುತ್ತಿದ್ದ ಬಸಣ್ಣ ಕಾಕಾನನ್ನು ಕರೆಸಿದ್ದರು. ನಕ್ಷೆ ಓದಲು ನಾನು ಹೋದೆ. ಅದೇ ಮರದ ನೆಲ, ಅದೇ "ಪಾಣಿ ನಕೊ." ಕಾಕಾ ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕಿದ.

"ಪಾಣ್ಯಾಶಿವಾಯ್ ಕಾಪಣಾರ್ ನಾಹೀ" ಎಂದುಬಿಟ್ಟೆ. ನೀರಿಲ್ಲದೆ ಕೊಯ್ಯುವುದಿಲ್ಲ. ಇಷ್ಟೇ ಮಾತು, ಅಪ್ಪಾ. ಅಂದು ಇಷ್ಟೇ ಮಾತು...

ನೆಲದ ಗತಿಯೇನು ಎಂದರು ಮ್ಯಾಡಮ್. ನಾನು ಒರೆಸುತ್ತೇನೆ ಎಂದೆ.

ಕಾಕಾ ಕೊಯ್ಯುತ್ತಿದ್ದ ಹಾಗೆ ಬಾಟಲಿ ಹಿಡಿದು ನೀರು ಬಿಟ್ಟೆ. ಮಂಡಿಯೂರಿ ಒರೆಸಿದೆ. ಬಕೆಟ್ಟಿನಲ್ಲಿ ಹಾಲಿನಂಥ ಕೆಸರು ತುಂಬಿತು. ಚೆಲ್ಲಲು ಹೋದವಳು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದೆ.

ಸಂಜೆಯವರೆಗೂ ಬಸಣ್ಣ ಕಾಕಾ ಒಮ್ಮೆಯೂ ಕೆಮ್ಮಲಿಲ್ಲ, ಅಪ್ಪಾ.