ಹೀರಪ್ಪನವರ ಗಂಜಿ

ಮಂಗೋರ್ ಹಿಲ್, ವಾಸ್ಕೋ
ಆಗಸ್ಟ್ 14, 2024, ಬುಧವಾರ

ಪ್ರೀತಿಯ ಅಪ್ಪಾ, ನಿಮ್ಮ ಕಾಂಚನಾಳ ಶರಣು.

ಮೊಣಕಾಲು ನೋವು ಹೇಗಿದೆ? ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತೀರೆಂದು ಅತ್ತಿಗೆ ಚಾಡಿ ಹೇಳಿದ್ದಾಳೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಈ ಕಾಗದ. ಚೆನ್ನಾಗಿದ್ದೇನೆ ಎಂದು ಬರೆದರೆ ನೀವು ನಂಬುವುದಿಲ್ಲ. ಸಾಕಾಗಿ ಹೋಗಿದೆ ಅಪ್ಪಾ. ನಲವತ್ತು ರೋಗಿಗಳಿಗೆ ನಾವು ಇಬ್ಬರೇ ನರ್ಸುಗಳು. ಮನೆಗೆ ಬಂದರೆ ಚಪ್ಪಲಿ ಬಿಚ್ಚಲೂ ಬೇಸರ.

ಹೋದ ವಾರ ಆಸ್ಪತ್ರೆಯವರು ನಮಗೆಲ್ಲ ಅಧ್ಯಾತ್ಮದ ಶಿಬಿರ ಇಟ್ಟಿದ್ದರು. ರೋಗಿಯಲ್ಲಿ ದೇವರನ್ನು ಕಾಣಿರಿ, ತೃಪ್ತಿ ತಾನಾಗಿ ಬರುತ್ತದೆ ಎಂದರು ಪಣಜಿಯಿಂದ ಬಂದ ಗುರುಗಳು. ಧ್ಯಾನಕ್ಕೆ ಕಣ್ಣು ಮುಚ್ಚಿದವಳು ನಿದ್ದೆ ಹೋದೆ. ಎಲ್ಲರಿಗಿಂತ ಆಳವಾದ ಧ್ಯಾನ ನನ್ನದೆಂದು ಹೊಗಳಿಸಿಕೊಂಡೆ. ಕೊನೆಗೆ ಒಂದು ಫಾರ್ಮು: ಕೆಲಸ ತೃಪ್ತಿ ಕೊಡುತ್ತಿದೆಯೇ, ಐದರಲ್ಲಿ ಎಷ್ಟು ಅಂಕ? ಎಲ್ಲರೂ ಐದು ಹಾಕಿದರು, ನಾನೂ ಹಾಕಿದೆ.

ನಮ್ಮ ವಾರ್ಡಿನಲ್ಲಿ ಹೀರಪ್ಪ ಎಂಬ ಹಿರಿಯರಿದ್ದಾರೆ. ಬಾದಾಮಿ ಕಡೆಯವರು, ಬಂದರಿನಲ್ಲಿ ಹಮಾಲಿ ಮಾಡಿದವರು, ಹಿಂದೆ ಮುಂದೆ ಯಾರೂ ಇಲ್ಲ. ಹೊಟ್ಟೆಯ ಆಪರೇಷನ್ ಆಗಿ ಗಂಜಿ ಕೊಡಲು ಶುರು ಮಾಡಿದರೆ ಎರಡು ದಿನ ಮುಟ್ಟಲೇ ಇಲ್ಲ. ಹಟವೆಂದು ಎಲ್ಲರೂ ಬೈದರು. ಮೂಗಿನಲ್ಲಿ ನಳಿಗೆ ಹಾಕಿ ಉಣಿಸೋಣವೆಂದರು ಡಾಕ್ಟರು. ಯಾಕೆ ಉಣ್ಣುವುದಿಲ್ಲವೆಂದು ನಾನು ಕನ್ನಡದಲ್ಲಿ ಕೇಳಿದೆ. "ಬರೇ ಹಣಿಲೆ ಹೆಂಗ ಉಣ್ಣಲಿ ಯವ್ವಾ?" ಎಂದರು. ನೀವು ಕಳಿಸಿದ ವಿಭೂತಿ ಪರ್ಸಿನಲ್ಲಿತ್ತು. ಮುಖ ಒರೆಸಿ ಹಣೆಗೆ ಹಚ್ಚಿದೆ. ಬಟ್ಟಲು ಖಾಲಿ ಮಾಡಿದರು. ನಾನು ಜಂಗಮರ ಮನೆಯವಳೆಂದು ತಿಳಿದಾಗ "ಅಯ್ಯನವರ ಮಗಳ ಕೈಲೆ ಹಚ್ಚಿಸಿಕೊಂಡ್ನಿ" ಎಂದು ಅತ್ತರು. ನಾನೂ ಅತ್ತೆ. ಆ ಫಾರ್ಮನ್ನು ಆಗ ಕೊಟ್ಟಿದ್ದರೆ ಐದಕ್ಕೆ ಐದು ಖರೇ ಹಾಕುತ್ತಿದ್ದೆ.

ಮೂರು ದಿನ ಹೀಗೆ ನಡೆಯಿತು. ಮೇಟ್ರನ್ ನೋಡಿದರು. ಹೊಲಿಗೆ ಇನ್ನೂ ಹಸಿ ಇದೆ, ಬೂದಿ ಬಿದ್ದು ಕೀವಾದರೆ ಹೊಣೆ ಯಾರು ಎಂದರು. ಅವರ ಮಾತೂ ಸುಳ್ಳಲ್ಲ. ಇನ್ನು ಹಚ್ಚುವುದಿಲ್ಲವೆಂದು ಬರೆದುಕೊಡಬೇಕಂತೆ, ಇಲ್ಲದಿದ್ದರೆ ಈ ತಿಂಗಳಿಗೆ ನನ್ನ ಕೆಲಸ ಮುಗಿಯಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರೆಂದು ಗೊತ್ತು, ಅದಕ್ಕೇ ಕೇಳಲು ಹೆದರಿಕೆ.

ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ಅಣ್ಣ ಅತ್ತಿಗೆಯರಿಗೆ ಕೇಳಿದೆನೆಂದು ಹೇಳಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಮಗಳು
ಕಾಂಚನಾ

ತಾ.ಕ.: ಬರೆದುಕೊಟ್ಟೆ ಅಪ್ಪಾ, ನಿನ್ನೆಯೇ. ಇವತ್ತು ಹೀರಪ್ಪನವರು ಹಣೆ ಮುಂದೆ ಮಾಡಿ ಕಾದರು, ನಾನು ಗಂಜಿ ಇಟ್ಟು ಬಂದೆ. ಅದು ಹಾಗೇ ಇದೆ. ನಾಳೆ ಮೂಗಿಗೆ ನಳಿಗೆ ಹಾಕಬೇಕು. ಹಾಕುವವಳು ನಾನೇ.