ಅರ್ಧಕ್ಕೆ ನಿಂತ ಸೋಬಾನೆ

ಸಾಸ್ವೆಹಳ್ಳಿ
ಭಾನುವಾರ, ೧೮ ಜನವರಿ ೨೦೨೬

ಪ್ರೀತಿಯ ಸಂಘಮಿತ್ರಾ,

ಹೇಗಿದ್ದೀಯವ್ವ? ಜಗಳೂರಿನ ಕಡೆ ಚಳಿಗಾಳಿ ಜಾಸ್ತಿ, ನಿನ್ನ ಗಂಟಲು ಬೇರೆ ಬೇಗ ಕಟ್ಟುತ್ತದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸುತ್ತಿದ್ದೀಯ ತಾನೆ? ನಿಮ್ಮಮ್ಮನ ಮಂಡಿನೋವು ಹೇಗಿದೆ? ಇಲ್ಲಿ ನಿಮ್ಮ ಮಾವ ಗಟ್ಟಿಯಾಗಿದ್ದಾರೆ. ನನಗೂ ಕಾಯಿಲೆ ಅಂತ ಏನಿಲ್ಲ, ಆದರೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಮರೆತೆ, ಪೂರ್ತಿ ಉಕ್ಕಿ ಹೋಯಿತು. ಇಷ್ಟು ಬರೆಯುವುದರೊಳಗೆ ಒಂದು ಸಲ ಎದ್ದು ಹೋಗಿ ಬಾಗಿಲಿಂದ ಇಣುಕಿ ಬಂದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳು ನಿನ್ನ ಅತ್ತೆ, ಬರೆಯಲು ಬರುತ್ತದೆ. ಅಷ್ಟು ಸುಲಭಕ್ಕೆ ಬಿಡುತ್ತೀನಾ?

ನಿನ್ನೆ ಸಂಜೆ ಹೊನ್ನಾಳಿಯ ಸಮುದಾಯ ಭವನದಲ್ಲಿ ಆ ಕಾರ್ಯಕ್ರಮ ನಡೆದೇಬಿಟ್ಟಿತು. ಅದೇ, ಜನಪದ ಸಂಘದ ಮುತ್ತುರಾಜ್ ನಿನ್ನನ್ನೂ ನನ್ನನ್ನೂ ಜೋಡಿಯಾಗಿ ಹಾಡಲು ಒಪ್ಪಿಸಿದ್ದನಲ್ಲ, ಅಮೆರಿಕದ ಬ್ಲೂಗ್ರಾಸ್ ಹಾಡಿನವರ ಜೊತೆ. ಅವರ ಗುಡ್ಡಗಾಡಿನ ಹಳ್ಳಿ ಜನ ಮನೆ ಜಗುಲಿಯ ಮೇಲೆ ಕೂತು ಹಾಡಿಕೊಳ್ಳುತ್ತಿದ್ದ ಹಾಡುಗಳಂತೆ. ಒಂದು ಪಿಟೀಲು, ಒಂದು ಗಿಟಾರು, ಒಂದು ಬ್ಯಾಂಜೊ. ಈ ಬ್ಯಾಂಜೊ ನೋಡಬೇಕಿತ್ತು ನೀನು, ನಮ್ಮ ತಮಟೆಗೆ ಉದ್ದನೆ ಹಿಡಿ ಸೇರಿಸಿ ತಂತಿ ಬಿಗಿದ ಹಾಗಿದೆ. ನಿಮ್ಮ ಮಾವ ಭವನದ ಹಿಂದೆ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರೆ, ಬ್ಯಾಂಜೊದ ಆ ಉದ್ದನೆ ಆಳು ತನ್ನದನ್ನೂ ಎತ್ತಿಕೊಂಡು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವನದೂ ಚರ್ಮದ್ದೇ, ಇಬ್ಬನಿಗೆ ಸಡಿಲ ಬಿದ್ದಿತ್ತು. ಇವರು ತಟ್ಟಿ ತೋರಿಸುವುದು, ಅವನು ಮೀಟಿ ತೋರಿಸುವುದು. "ಇನ್ನೊಂಚೂರು ಕಾಯ್ಲಿ ತಡಿಯಪ್ಪ" ಅಂತ ಇವರು ಕನ್ನಡದಲ್ಲೇ ಗದರಿದರು, ಅವನು ತಡೆದ! ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನನಗೆ ನಗು ಬರಲಿಲ್ಲ. ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿ ನಿನ್ನ ಮೈಕು ಖಾಲಿ ನಿಂತಿತ್ತು. ಮುತ್ತುರಾಜ್ ತೆಗೆಯಲು ಬಂದಾಗ "ಇರ್ಲಿ ಬಿಡಪ್ಪ" ಅಂದೆ. ರಘುನಾಥ ಹಿಂದೆ ಬಾಗಿಲ ಹತ್ತಿರ ತನ್ನ ಹೈಸ್ಕೂಲಿನ ಮೇಷ್ಟ್ರುಗಳ ಗುಂಪಿನಲ್ಲಿ ಕೈಕಟ್ಟಿ ನಿಂತಿದ್ದ. ನಾನೇ ಹೆತ್ತ ಮಗ, ಆದರೂ ಹೇಳುತ್ತೇನೆ, ಆವತ್ತು ಅವನು ಆಡಿದ್ದು ಆಡಬಾರದ ಮಾತು. ನಿನ್ನ ಹಾಡಿನ ವಿಡಿಯೊ ಯಾರೋ ವಾಟ್ಸಾಪಿಗೆ ಬಿಟ್ಟರು, ಸ್ಟಾಫ್ ರೂಮಿನಲ್ಲಿ ಯಾರೋ "ಏನ್ರೀ ಮೇಷ್ಟ್ರೇ, ನಿಮ್ಮ ಮನೇರು ಸ್ಟೇಜ್ ಇಳಿಯಾಕೇ ಒಲ್ರಂತೆ" ಅಂತ ಕಿಚಾಯಿಸಿದರು, ನಮ್ಮ ಪಿ.ಟಿ. ಮೇಷ್ಟ್ರ ಮಾನ ಹೋಯಿತು! ಅವರಿಗೆ ಎರಡು ಬಿಡುವುದು ಬಿಟ್ಟು ಮನೆಗೆ ಬಂದು ನಿನ್ನ ಮೇಲೆ ಸೀಟಿ ಊದಿದ. "ಇನ್ಮ್ಯಾಲೆ ಮೈಕ್ ಮುಟ್ಟಂಗಿಲ್ಲ" ಅಂತ. ನೀನು ಬ್ಯಾಗ್ ಹಿಡಿದು ಬಸ್ಸು ಹತ್ತಿದೆ. ಸಂಕ್ರಾಂತಿ ಬಂದು ಹೋಯಿತು, ನೀನು ಬರಲಿಲ್ಲ. ಇನ್ನು ಬರುವುದೇ ಇಲ್ಲವೇನೋ ಅನ್ನುವ ಯೋಚನೆ ಹತ್ತಿದರೆ ನನಗೆ ನಿದ್ದೆ ಹತ್ತುವುದಿಲ್ಲ ಕಣವ್ವ.

ಅವರ ಹಾಡು ಮುಗಿದು ನಮ್ಮ ಸರದಿ ಬಂತು. ಬೀಸೋ ಪದ ಹಾಡುತ್ತೇನೆ ಅಂತ ಮುತ್ತುರಾಜ್‌ಗೆ ಹೇಳಿದ್ದವಳು, ಬೇಕೆಂದೇ ಮನೆ ತುಂಬಿಸುವ ಸೋಬಾನೆ ಎತ್ತಿಕೊಂಡೆ. ಅದು ಒಬ್ಬರೇ ಹಾಡುವಂಥದ್ದಲ್ಲ ಅಂತ ನಿನಗೆ ಗೊತ್ತಲ್ಲ. ಗಂಡಿನ ಕಡೆಯವರು ಹೊಸ್ತಿಲ ಒಳಗಿಂದ ಕೇಳಬೇಕು, ಹೆಣ್ಣಿನ ಕಡೆಯವರು ಹೊರಗಿಂದ ಉತ್ತರ ಕೊಡಬೇಕು. ನಿನ್ನ ಮದುವೆಯಲ್ಲಿ ನಿಮ್ಮವರೆಲ್ಲ ದಣಿದು ಸುಮ್ಮನಾದಾಗ, ಮದುಮಗಳು ನೀನೇ ಬಾಯಿಬಿಟ್ಟು ಉತ್ತರ ಹಾಡಿದೆ. ಆವತ್ತೇ ನೀನು ನನಗೆ ಹಿಡಿಸಿದ್ದು. ಅದನ್ನು ಅರ್ಧಕ್ಕೆ ಬಿಟ್ಟರೆ ಸೊಸೆಯನ್ನು ಹೊಸ್ತಿಲಲ್ಲೇ ನಿಲ್ಲಿಸಿದ ಲೆಕ್ಕ, ಮನೆಗೆ ಒಳ್ಳೆಯದಲ್ಲ ಅಂತ ನಮ್ಮ ಕಡೆ ಯಾರೂ ನಡುವೆ ನಿಲ್ಲಿಸುವುದಿಲ್ಲ. ಇದು ರಘುನಾಥನಿಗೂ ಗೊತ್ತು.

ಹೊಳೆಯಾಚೆ ಊರಿಂದ ಬಂದೋಳೆ ಹೆಣ್ಣೇ
ಹೊಸ್ತಿಲ ಒಳಗೇನ ತಂದೀಯೆ

ಅಂತ ಕೇಳಿ ನಿಲ್ಲಿಸಿಬಿಟ್ಟೆ. ಪಿಟೀಲಿನ ಹುಡುಗಿ ತನ್ನ ಸರದಿ ಅಂದುಕೊಂಡು ನನ್ನ ಸಾಲನ್ನೇ ನುಡಿಸಿದಳು, ಚೆನ್ನಾಗಿಯೇ ನುಡಿಸಿದಳು. ಅದು ಮುಗಿದ ಮೇಲೆ ನಾನು ಮತ್ತೆ ಕೇಳಿದೆ. ಜನ ಗುಸುಗುಸು ಶುರು ಮಾಡಿದರು. "ಅಕ್ಕಾ, ಮುಂದಕ್ಕೆ ಹೋಗ್ರಿ" ಅಂತ ಮುತ್ತುರಾಜ್ ಪಕ್ಕದಿಂದ ಕೈಸನ್ನೆ ಮಾಡುತ್ತಿದ್ದ. ಹೋಗಲಿಲ್ಲ. ಹಟಕ್ಕೆ ನಿಂತೆನೇನೋ ಸರಿ. ಯಾರೂ ಎತ್ತಿಕೊಳ್ಳದಿದ್ದರೆ? ಊರವರ ಮುಂದೆ ನನ್ನ ಮನೆಗೆ ನಾನೇ ಕೇಡು ತಂದುಕೊಂಡ ಹಾಗಾಗುತ್ತಿತ್ತಲ್ಲ, ಎಂಥ ಹುಚ್ಚಿ ನಾನು ಅನಿಸಿತು. ನಿಮ್ಮ ಮಾವ ಮಾತ್ರ ತಲೆ ಬಗ್ಗಿಸಿ ಮೆಲ್ಲಗೆ ತಮಟೆ ಬಾರಿಸುತ್ತಲೇ ಇದ್ದರು. ಆಗ ಬಾಗಿಲ ಕಡೆಯಿಂದ ಒಂದು ಒಡಕು ದನಿ ಬಂತು.

ಉಡಿಯಾಗೆ ಹಾಡೈತೆ ಕಾಲಾಗೆ ದಣಿವೈತೆ
ಇಳಿಸಾಕೆ ತಾವು ತೋರವ್ವ

ರಘುನಾಥ ಕಣೇ! ಹೆಣ್ಣಿನ ಕಡೆಯ ಹಾಡು ಹಾಡುತ್ತಿದ್ದಾನೆ! ಶ್ರುತಿ ಇಲ್ಲ ಸುಡುಗಾಡಿಲ್ಲ, ಮೈದಾನದಲ್ಲಿ ಕೂಗಿ ಕೂಗಿ ಕೆಟ್ಟ ಗಂಟಲು. ಪಕ್ಕದ ಮೇಷ್ಟ್ರುಗಳು ಕಿಸಕ್ಕನೆ ನಕ್ಕರು, ಒಬ್ಬ ಮೊಬೈಲ್ ಎತ್ತಿ ಹಿಡಿದ. ಇವನ ಕಿವಿ ಕೆಂಪಾದವು, ಹಾಡು ನಿಲ್ಲಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಬಂದ, ಚಿಕ್ಕಂದಿನಿಂದ ನನ್ನ ಸೆರಗು ಹಿಡಿದು ಮದುವೆ ಮನೆಗಳಲ್ಲಿ ಕೇಳಿದ್ದನಲ್ಲ. ಬ್ಯಾಂಜೊದವನು ನಮ್ಮ ತಮಟೆಯ ಗತ್ತು ಹಿಡಿದು ಸೇರಿಕೊಂಡ. ಕೊನೆಯ ಸಾಲಿಗೆ ರಘುನಾಥನ ದನಿ ಕಟ್ಟಿಹೋಯಿತು. ಮುಂದೆ ಕೂತಿದ್ದ ಹೆಂಗಸರು ಎತ್ತಿಕೊಂಡು ಹಾಡು ಮುಗಿಸಿಕೊಟ್ಟರು. ಚಪ್ಪಾಳೆ ಬಿತ್ತಂತೆ, ನನಗೆ ಕೇಳಿಸಲಿಲ್ಲ. ನಾನು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದೆ.

ಆಟೋದಲ್ಲಿ ಬರುವಾಗ ರಘುನಾಥ ನನ್ನ ಕಡೆ ತಿರುಗಿದ. "ಅವ್ವ, ಅಷ್ಟು ಜನ ನೋಡ್ತಿದ್ರೆ ಹೆಂಗ್ ಹಾಡ್ತಾಳವ್ವ ಅವ್ಳು? ನಂಗೆ ಕಾಲೇ ನಿಲ್ಲಲಿಲ್ಲ" ಅಂದ. ಮನೆಗೆ ಬಂದು ಊಟ ಮಾಡದೆ ಮಲಗಿದ. ಬೆಳಗಿನಿಂದ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದಾನೆ. ಪಾಪ ಅನಿಸುತ್ತದೆ, ಹೆತ್ತ ಕರುಳು ನೋಡು. ಆದರೆ ಅವನ ಪರವಾಗಿ ವಕಾಲತ್ತು ಮಾಡಲು ನಾನು ಪೆನ್ನು ಹಿಡಿದಿಲ್ಲ. ನೀನು ಮನೆಗೆ ಬರಬೇಕು ಅಂತ ನನಗೆ ಜೀವ ಹೊಡೆದುಕೊಳ್ಳುತ್ತದೆ. ಆದರೂ ಹಾಡು ಬಿಟ್ಟು ಬರುವುದಾದರೆ ಬರಬೇಡ ಸಂಘಮಿತ್ರಾ. ಬೇಕಾದರೆ ನಾನೇ ಗಂಟು ಕಟ್ಟಿಕೊಂಡು ಜಗಳೂರಿಗೆ ಬಂದು ನಿನ್ನ ಜೊತೆ ಇದ್ದುಬಿಡುತ್ತೇನೆ, ನಿಮ್ಮಮ್ಮನಿಗೆ ಈಗಲೇ ಹೇಳಿಡು.

ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ ತಿಳಿಸು. ಹೊತ್ತೊತ್ತಿಗೆ ಊಟ ಮಾಡು. ನಿನ್ನ ದನಿ ನೂರು ಕಾಲ ತಣ್ಣಗಿರಲಿ.

ನಿನ್ನ ಅತ್ತೆ,
ಅಂತರಘಟ್ಟಮ್ಮ

ಮರೆತಿದ್ದೆ: ಹೊರಗೆ ರಘುನಾಥ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಬರುವ ಶನಿವಾರ ನ್ಯಾಮತಿಯಲ್ಲಿ ಇದೇ ಮೇಳದ ಕಾರ್ಯಕ್ರಮ ಇದೆ. ನಿನ್ನೆ ಭವನದಿಂದ ಹೊರಡುವ ಮುಂಚೆಯೇ ಮುತ್ತುರಾಜ್ ಹತ್ತಿರ ಹೋಗಿ ಅದಕ್ಕೆ ನಿನ್ನ ಹೆಸರು ಕೊಟ್ಟು ಬಂದಿದ್ದಾನೆ! ಬೆಳಿಗ್ಗೆ ಎದೆಯುಬ್ಬಿಸಿಕೊಂಡು ಬಂದು ಹೇಳಿದ, ಚೆನ್ನಾಗಿ ಉಗಿದೆ. "ಬ್ಯಾಡ ಅನ್ನಾಗ್ಲೂ ಅವಳನ್ನ ಕೇಳ್ಲಿಲ್ಲ, ಹ್ಞೂಂ ಅನ್ನಾಗ್ಲೂ ಕೇಳ್ಲಿಲ್ಲ, ಮದ್ಲು ಹೋಗಿ ಕೇಳು" ಅಂದೆ. ಅದಕ್ಕೇ ಈ ಪತ್ರವನ್ನು ಅಂಚೆಗೆ ಹಾಕದೆ, ಅಂಟು ಹಚ್ಚಿ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಈಗ ನಿನ್ನೆದುರಿಗೇ ನಿಂತಿರುತ್ತಾನೆ. ಅವನಾಗಿ ಬಾಯಿಬಿಟ್ಟು ಕೇಳುವ ತನಕ ತಲೆ ಎತ್ತಬೇಡ, ಓದುತ್ತಲೇ ಇರು.